ಆಪರೇಷನ್ ಆದ ಮೇಲೆ ನೋಟ ಕುಂದಿದರೆ: ಮಲೆನಾಡಿನ ಮನೆಗಳಿಂದ ಪದೇ ಪದೇ ಬರುವ ಪ್ರಶ್ನೆಗಳು

ಪೊರೆ ತೆಗೆಸಿದ ಮೇಲೆ, ಬೆನ್ನುಮೂಳೆಗೆ ರಾಡು ಹಾಕಿಸಿದ ಮೇಲೆ, ಹೆರಿಗೆ ಆಪರೇಷನ್ ಆದ ಮೇಲೆ ಕಣ್ಣಿನ ನೋಟ ಹೋಗುವುದು ಅಪರೂಪ. ಹೋದಾಗ ಮಾತ್ರ ಕೆಲವು ಕಾರಣಗಳಿಗೆ ಗಂಟೆಯ ಲೆಕ್ಕ, ಕೆಲವಕ್ಕೆ ವಾರದ ಲೆಕ್ಕ. ಹೊಸನಗರ, ಸಾಗರ, ತೀರ್ಥಹಳ್ಳಿಯ ಒಳಹಳ್ಳಿಗಳಿಂದ ಶಿವಮೊಗ್ಗಕ್ಕೋ ಮಣಿಪಾಲಕ್ಕೋ ಹೊರಡಬೇಕಾದವರಿಗೆ ಈ ವ್ಯತ್ಯಾಸ ಮೊದಲೇ ಗೊತ್ತಿದ್ದರೆ ಕಣ್ಣು ಉಳಿಯುವ ಸಾಧ್ಯತೆ ಹೆಚ್ಚು.

ಅಮ್ಮನಿಗೆ ನಿನ್ನೆ ಪೊರೆ ತೆಗೆದರು. ಇವತ್ತು ಪಟ್ಟಿ ಬಿಚ್ಚಿದರೆ ಎಲ್ಲ ಮಂಜು ಮಂಜು ಅಂತಾರೆ. ಆಪರೇಷನ್ ಕೆಟ್ಟಿತಾ?

ಬಹುಮಟ್ಟಿಗೆ ಇಲ್ಲ. ಬಲಿತು ಗಟ್ಟಿಯಾದ ಪೊರೆಯನ್ನು ತೆಗೆಯುವಾಗ ಕಣ್ಣಿನ ಮುಂದಿನ ಪಾರದರ್ಶಕ ಪದರ, ಅಂದರೆ ಕಾರ್ನಿಯಾ, ಒಂದಿಷ್ಟು ಊದಿಕೊಳ್ಳುತ್ತದೆ. ಪಾಪೆ ಹಿಗ್ಗಿಸಲು ಹಾಕಿದ ಔಷಧದ ಪರಿಣಾಮವೂ ಒಂದು ದಿನ ಉಳಿದಿರಬಹುದು. ಸಾಮಾನ್ಯವಾಗಿ ಒಂದು ವಾರದೊಳಗೆ ಇದು ತಿಳಿಯಾಗುತ್ತದೆ. ಪೊರೆ ತೀರಾ ಬಲಿಯುವ ತನಕ ಕಾದವರಿಗೆ ಇನ್ನೂ ಹೆಚ್ಚು ದಿನ ಬೇಕು.

ನೀವು ಗಮನಿಸಬೇಕಾದದ್ದು ಒಂದೇ. ನೋಟ ನಿನ್ನೆಗಿಂತ ಇವತ್ತು, ಇವತ್ತಿಗಿಂತ ನಾಳೆ ಮೇಲಾಗುತ್ತಾ ಹೋಗಬೇಕು. ಮೊದಲ ದಿನ ಗೋಡೆಯ ಕ್ಯಾಲೆಂಡರಿನ ಅಂಕಿ ಓದಿದವರು ಮೂರನೇ ದಿನ ಅದೇ ಅಂಕಿ ಕಾಣುವುದಿಲ್ಲ ಎಂದರೆ, ನೋವು ಇರಲಿ ಬಿಡಲಿ, ಅವತ್ತೇ ಆಸ್ಪತ್ರೆಗೆ ಹೊರಡಿ.

ಒಂದು ವಿಷಯ ಬೇರೆಯಾಗಿ ಹೇಳಬೇಕು. ಆಪರೇಷನ್ ಆದ 12ರಿಂದ 48 ಗಂಟೆಯೊಳಗೆ, ಅಷ್ಟೇನೂ ನೋವಿಲ್ಲದೆ, ಕಾರ್ನಿಯಾ ಅಂಚಿನಿಂದ ಅಂಚಿಗೆ ಬೆಳ್ಳಗಾಗುವುದುಂಟು. ಇದು ಸೋಂಕಲ್ಲ. ಕಣ್ಣೊಳಗೆ ಬಳಸಿದ ದ್ರಾವಣದಲ್ಲೋ, ಉಪಕರಣ ತೊಳೆದು ಉಳಿದ ರಾಸಾಯನಿಕದಲ್ಲೋ ಇದ್ದ ಅಂಶಕ್ಕೆ ಕಣ್ಣು ಕೆರಳಿರುತ್ತದೆ. ಸ್ಟೀರಾಯ್ಡ್ ಹನಿಗಳನ್ನು ಗಂಟೆಗೊಮ್ಮೆ ಹಾಕಿದರೆ ಹಲವರಿಗೆ ಗುಣವಾಗುತ್ತದೆ. ಆದರೆ ಇದು ಸೋಂಕೋ ಅಲ್ಲವೋ ಎಂದು ಯಂತ್ರದಲ್ಲಿ ನೋಡಿದ ವೈದ್ಯರೇ ಹೇಳಬೇಕು. ಮನೆಯಲ್ಲಿ ಊಹಿಸಬೇಡಿ.

ಕಣ್ಣೊಳಗೆ ಸೋಂಕಾಗಿದೆ ಅಂತ ಹೇಗೆ ಗೊತ್ತಾಗುತ್ತದೆ?

ಪೊರೆ ಆಪರೇಷನ್ನಿನ ತೊಡಕುಗಳಲ್ಲಿ ನಾವು ಎಲ್ಲಕ್ಕಿಂತ ಹೆಚ್ಚು ಹೆದರುವುದು ಇದಕ್ಕೇ. ಕಣ್ಣುಗುಡ್ಡೆಯ ಒಳಗೇ ಕೀವಾಗುವ ಇದನ್ನು ಎಂಡಾಫ್ತಲ್ಮೈಟಿಸ್ ಎನ್ನುತ್ತಾರೆ. ಸಾವಿರ ಆಪರೇಷನ್ನಿಗೆ ಒಂದಕ್ಕೆ ಆಗುತ್ತದೆ, ಒಳ್ಳೆಯ ವ್ಯವಸ್ಥೆ ಇರುವ ಕಡೆ ಅದಕ್ಕಿಂತಲೂ ಕಡಿಮೆ. ಹೆಚ್ಚಿನವು ಎರಡನೇ ದಿನದಿಂದ ಏಳನೇ ದಿನದೊಳಗೆ ಕಾಣಿಸಿಕೊಳ್ಳುತ್ತವೆ. ಅಂದರೆ ರೋಗಿ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ. ಹಾಗಾಗಿ ಮೊದಲು ಗುರುತಿಸಬೇಕಾದವರು ಮನೆಯವರೇ.

ನೋಟ ಇಳಿಯುತ್ತದೆ. ನೋವು ಶುರುವಾಗಿ ಏರುತ್ತದೆ, ಮಾತ್ರೆಗೂ ಬಗ್ಗುವುದಿಲ್ಲ. ಕೆಂಪು ಕಡಿಮೆಯಾಗುವ ಬದಲು ಹೆಚ್ಚುತ್ತದೆ, ರೆಪ್ಪೆ ಊದುತ್ತದೆ, ಬೆಳಕು ಚುಚ್ಚುತ್ತದೆ. ಕೆಲವರಲ್ಲಿ ಕಪ್ಪುಗುಡ್ಡೆಯ ಕೆಳ ಅಂಚಿನಲ್ಲಿ ಬಿಳಿ ಗೆರೆಯಂತೆ ಕೀವು ನಿಂತಿರುವುದು ಬರಿಗಣ್ಣಿಗೇ ಕಾಣುತ್ತದೆ. ಎಲ್ಲವೂ ಒಟ್ಟಿಗೆ ಬರಬೇಕೆಂದಿಲ್ಲ. ನಾಲ್ಕರಲ್ಲಿ ಒಬ್ಬರಿಗೆ ನೋವೇ ಇರುವುದಿಲ್ಲ, ಅದರಲ್ಲೂ ಸಕ್ಕರೆ ಕಾಯಿಲೆಯವರು ಎಚ್ಚರ. ಆದ್ದರಿಂದ ನೋವಿಲ್ಲ ಎಂಬ ಧೈರ್ಯದಲ್ಲಿ ಕೂರಬೇಡಿ, ನೋಟವನ್ನು ನಂಬಿ.

ಸಂಜೆ ಶುರುವಾದರೆ ಬೆಳಗಿನ ಮೊದಲ ಬಸ್ಸಿಗೆ ಅನ್ನಬೇಡಿ. ಕೆಲವು ಬ್ಯಾಕ್ಟೀರಿಯಾಗಳು ಒಂದೇ ರಾತ್ರಿಯಲ್ಲಿ ಅಕ್ಷಿಪಟಲವನ್ನು, ಅಂದರೆ ಕಣ್ಣಿನ ಹಿಂಬದಿಯ ಬೆಳಕು ಗ್ರಹಿಸುವ ಪದರವನ್ನು, ಹಾಳುಮಾಡಬಲ್ಲವು. ಆಪರೇಷನ್ ಮಾಡಿದ ಆಸ್ಪತ್ರೆಗೆ ಫೋನ್ ಮಾಡಿ, ಸಿಗದಿದ್ದರೆ ಅಕ್ಷಿಪಟಲ ತಜ್ಞರಿರುವ ಬೇರೆ ಕಣ್ಣಾಸ್ಪತ್ರೆಗೆ ನೇರ ಹೋಗಿ. ಮಳೆಗಾಲದಲ್ಲಿ ನೆಟ್‌ವರ್ಕ್ ಇಲ್ಲದ ಊರಿನವರು ಡಿಸ್ಚಾರ್ಜ್ ಆಗುವಾಗಲೇ ರಾತ್ರಿ ಹೊತ್ತು ಎಲ್ಲಿಗೆ ಬರಬೇಕೆಂದು ಕೇಳಿ ಬರೆಸಿಕೊಂಡು ಬನ್ನಿ.

ಅಲ್ಲಿ ಏನು ಮಾಡುತ್ತಾರೆ?

ಕಣ್ಣಿಗೆ ಮರಗಟ್ಟುವ ಔಷಧ ಕೊಟ್ಟು ಒಳಗಿನ ದ್ರವವನ್ನು ಸ್ವಲ್ಪ ತೆಗೆದು ಲ್ಯಾಬಿಗೆ ಕಳಿಸುತ್ತಾರೆ. ವರದಿಗೆ ಕಾಯದೆ ಆಗಲೇ ಕಣ್ಣೊಳಗೆ ಎರಡು ಔಷಧ ಚುಚ್ಚುತ್ತಾರೆ, ಸಾಮಾನ್ಯವಾಗಿ ವ್ಯಾಂಕೊಮೈಸಿನ್ 1 ಮಿಲಿಗ್ರಾಂ ಮತ್ತು ಸೆಫ್ಟಜಿಡಿಮ್ 2.25 ಮಿಲಿಗ್ರಾಂ, ತಲಾ 0.1 ಮಿಲಿ ದ್ರವದಲ್ಲಿ. ರಕ್ತಕ್ಕೆ ಕೊಟ್ಟ ಔಷಧ ಕಣ್ಣೊಳಗೆ ಸಾಕಷ್ಟು ತಲುಪುವುದಿಲ್ಲ. ಹಾಗಾಗಿ ಊರಿನ ಕ್ಲಿನಿಕ್ಕಿನಲ್ಲಿ ಡ್ರಿಪ್ ಹಾಕಿಸಿಕೊಂಡು ಎರಡು ದಿನ ನೋಡುವುದು ದೊಡ್ಡ ನಷ್ಟ. ಬರೀ ಬೆಳಕು ಮಾತ್ರ ಗೊತ್ತಾಗುವ ಸ್ಥಿತಿಗೆ ಬಂದಿದ್ದರೆ ಒಳಗಿನ ಕೀವು ತುಂಬಿದ ಜೆಲ್ಲಿಯನ್ನೇ ತೆಗೆಯುವ ವಿಟ್ರೆಕ್ಟಮಿ ಬೇಕಾಗುತ್ತದೆ. 1995ರಲ್ಲಿ ಪ್ರಕಟವಾದ ದೊಡ್ಡ ಅಮೆರಿಕನ್ ಅಧ್ಯಯನ ಈ ಗೆರೆಯನ್ನು ಎಳೆದುಕೊಟ್ಟಿತು. ಕೈಸನ್ನೆ ಕಾಣುವಷ್ಟಾದರೂ ನೋಟ ಇರುವಾಗಲೇ ತಲುಪಿದವರಿಗೆ ಇಂಜೆಕ್ಷನ್ನಿನಲ್ಲೇ ಮುಗಿಯುವ ಸಾಧ್ಯತೆ ಇದೆ.

ಸೋಂಕಾಗದ ಹಾಗೆ ಆಸ್ಪತ್ರೆಯವರು ಏನು ಮಾಡಬೇಕು? ಕ್ಯಾಂಪಿನಲ್ಲಿ ಮಾಡಿಸಿದರೆ ಅಪಾಯವೇ?

ಉಚಿತ ಎಂಬ ಕಾರಣಕ್ಕೆ ಅಪಾಯವಿಲ್ಲ. ಕ್ಯಾಂಪು ನಡೆಯುವ ಶಾಲೆಯಲ್ಲೋ ಸಮುದಾಯ ಭವನದಲ್ಲೋ ತಪಾಸಣೆ ಮಾತ್ರ ಆಗಬೇಕು. ಶಸ್ತ್ರಚಿಕಿತ್ಸೆ ಆಸ್ಪತ್ರೆಯ ಥಿಯೇಟರಿನಲ್ಲೇ ಆಗಬೇಕು. ಕಣ್ಣಿಗೆ 5% ಪೊವಿಡೋನ್ ಅಯೋಡಿನ್ ಹಾಕಿ ಸುಮಾರು ಮೂರು ನಿಮಿಷ ಬಿಡುವುದು ಅತ್ಯಂತ ಅಗ್ಗದ, ಅತ್ಯಂತ ಪರಿಣಾಮಕಾರಿ ರಕ್ಷಣೆ. ಆಪರೇಷನ್ ಮುಗಿಯುವಾಗ ಕಣ್ಣೊಳಗೆ ಆಂಟಿಬಯೋಟಿಕ್ ಬಿಡುವುದು ಎರಡನೆಯದು. ಯುರೋಪಿನಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸೆಫ್ಯುರಾಕ್ಸಿಮ್ ಹೀಗೆ ಬಿಟ್ಟವರಲ್ಲಿ ಸೋಂಕು ಸುಮಾರು ಐದನೇ ಒಂದು ಭಾಗಕ್ಕೆ ಇಳಿಯಿತು. ನಮ್ಮ ದೇಶದಲ್ಲಿ ಮಾಕ್ಸಿಫ್ಲಾಕ್ಸಸಿನ್ ಹೆಚ್ಚು ಬಳಕೆಯಲ್ಲಿದೆ. ಇದನ್ನು ಹಾಕುತ್ತೀರಾ ಎಂದು ಕೇಳುವುದು ಉದ್ಧಟತನವಲ್ಲ.

ನಿಮ್ಮ ಕಡೆಯಿಂದ ಮುಚ್ಚಿಡಬಾರದ್ದು: ಕಣ್ಣಿನ ಮೂಲೆಯಿಂದ ಸದಾ ನೀರು ಅಥವಾ ಕೀವು ಬರುವುದು, ರೆಪ್ಪೆಯಲ್ಲಿ ಕುರು, ಕಾಲಿನಲ್ಲಿ ವಾಸಿಯಾಗದ ಹುಣ್ಣು, ಏರಿದ ಸಕ್ಕರೆ. ಕಣ್ಣೀರಿನ ಚೀಲದಲ್ಲಿ ಕೀವಿದ್ದವರಿಗೆ ಮೊದಲು ಅದನ್ನು ಸರಿಪಡಿಸಿ ಆಮೇಲೆ ಪೊರೆ. ಎರಡೂ ಕಣ್ಣನ್ನು ಒಂದೇ ದಿನ ಮುಗಿಸಿಬಿಡಿ, ಮತ್ತೆ ಬರಲು ಆಗಲ್ಲ ಎಂದು ಒತ್ತಾಯಿಸಬೇಡಿ.

ಮನೆಯಲ್ಲಿ ಹನಿ ಹಾಕುವುದು ಹೇಗೆ? ಸ್ನಾನ, ಕೆಲಸ ಯಾವಾಗ?

ಸೋಪಿನಲ್ಲಿ ಕೈ ತೊಳೆದು ಒಣಗಿಸಿ. ಕೆಳರೆಪ್ಪೆ ಎಳೆದು ಆ ತೊಟ್ಟಿಯಲ್ಲಿ ಒಂದೇ ಹನಿ, ಬಾಟಲಿಯ ತುದಿ ರೆಪ್ಪೆಗೆ ತಾಗದಂತೆ. ಕಣ್ಣು ಮುಚ್ಚಿ ಮೂಗಿನ ಪಕ್ಕದ ಮೂಲೆಯನ್ನು ಒಂದೆರಡು ನಿಮಿಷ ಮೆತ್ತಗೆ ಒತ್ತಿ. ಗುಡ್ಡೆಯನ್ನು ಒತ್ತಬಾರದು. ಎರಡನೇ ಔಷಧ ಇದ್ದರೆ 5 ನಿಮಿಷ ಬಿಟ್ಟು ಹಾಕಿ, ಇಲ್ಲದಿದ್ದರೆ ಮೊದಲನೆಯದನ್ನು ಇದು ತೊಳೆದುಬಿಡುತ್ತದೆ. ಬಾಟಲಿ ಬಿಚ್ಚಿ ತಿಂಗಳಾದರೆ ಎಸೆಯಿರಿ. ಪಕ್ಕದ ಮನೆಯವರು ಉಳಿಸಿಟ್ಟ ಬಾಟಲಿ ಬೇಡವೇ ಬೇಡ.

ಸ್ಟೀರಾಯ್ಡ್ ಹನಿಯನ್ನು ವಾರವಾರ ಕಡಿಮೆ ಮಾಡುತ್ತಾ ಬರುವಂತೆ ಬರೆದಿರುತ್ತಾರೆ. ಚೆನ್ನಾಗಿ ಕಾಣುತ್ತಿದೆ ಎಂದು ತಟ್ಟನೆ ನಿಲ್ಲಿಸಿದರೆ ಉರಿಯೂತ ಮರಳುತ್ತದೆ. ಹಾಯೆನಿಸುತ್ತದೆ ಎಂದು ತಿಂಗಳುಗಟ್ಟಲೆ ಹಾಕಿದರೆ ಕಣ್ಣಿನ ಒತ್ತಡ ಏರಿ ನೋವಿಲ್ಲದೆಯೇ ನರ ಸಾಯುತ್ತದೆ. ಮೆಡಿಕಲ್ ಶಾಪಿನಲ್ಲಿ ಅದೇ ಚೀಟಿ ತೋರಿಸಿ ಮತ್ತೆ ಮತ್ತೆ ತರುವುದರಿಂದ ಹೀಗೆ ಕಣ್ಣು ಕಳೆದುಕೊಂಡವರಿದ್ದಾರೆ.

ಮೊದಲ ಎರಡು ವಾರ ಕತ್ತಿನಿಂದ ಕೆಳಗೆ ಮಾತ್ರ ಸ್ನಾನ. ತಲೆಸ್ನಾನಕ್ಕೆ ವೈದ್ಯರನ್ನು ಕೇಳಿ. ಬಚ್ಚಲ ಒಲೆಗೆ ಬೆಂಕಿ ಹಾಕಲು ಬಗ್ಗಿ ಊದುವುದು, ಕೊಟ್ಟಿಗೆ ಗುಡಿಸುವುದು, ದರಕು (ಒಣ ಎಲೆ) ಹೊರುವುದು, ಅಡಿಕೆ ಸುಲಿಯುವ ಚಪ್ಪರದ ದೂಳು ಇವುಗಳಿಂದ ಒಂದು ತಿಂಗಳು ದೂರ. ಕೆರೆ, ಹಳ್ಳ, ತೋಟದ ಕಪ್ಪಿನ (ಬಸಿಗಾಲುವೆಯ) ನೀರು ಕಣ್ಣಿಗೆ ಬೀಳಬಾರದು. ತೋಟಕ್ಕೆ ಬೋರ್ಡೋ ದ್ರಾವಣ ಹೊಡೆಯುವ ದಿನ ಆ ಕಡೆ ಸುಳಿಯಲೇಬೇಡಿ. ಅದರಲ್ಲಿ ಸುಣ್ಣ, ಮೈಲುತುತ್ತ ಎರಡೂ ಇವೆ. ರಾತ್ರಿ ಮಲಗುವಾಗ ಕಣ್ಣಿನ ಮೇಲೆ ಪ್ಲಾಸ್ಟಿಕ್ ಮುಚ್ಚಳ ಕಟ್ಟಿಕೊಳ್ಳಿ.

ನಂದಿಬಟ್ಟಲು ಹೂವಿನ ರಸ, ಎದೆಹಾಲು, ಜೇನುತುಪ್ಪ?

ಬೇಡ. ಹೊಸ ಗಾಯವಿರುವ ಕಣ್ಣಿಗೆ ಕ್ರಿಮಿಶುದ್ಧವಲ್ಲದ ಯಾವುದೂ ಬೇಡ. ಹೂವಿನ ರಸದಲ್ಲಿ ಬರುವ ಶಿಲೀಂಧ್ರದ ಸೋಂಕು ಬ್ಯಾಕ್ಟೀರಿಯಾದ ಸೋಂಕಿಗಿಂತ ಹಟಮಾರಿ.

ಪೊರೆ ತೆಗೆದು ವರ್ಷವಾಯ್ತು, ಮತ್ತೆ ಮಸುಕು. ಪೊರೆ ಮರಳಿ ಬಂತಾ?

ಪೊರೆ ಮರಳುವುದಿಲ್ಲ. ಲೆನ್ಸ್ ಕೂರಿಸಿದ ತೆಳು ಚೀಲದ ಹಿಂಬದಿ ಮಸುಕಾಗಿರುತ್ತದೆ. ಯಾಗ್ ಲೇಸರಿನಲ್ಲಿ ಕೆಲವೇ ನಿಮಿಷದಲ್ಲಿ, ಚುಚ್ಚುಮದ್ದಿಲ್ಲದೆ ಸರಿಯಾಗುತ್ತದೆ. ಇದಕ್ಕೆ ಅವಸರವಿಲ್ಲ, ಕೊಯ್ಲು ಮುಗಿಸಿಕೊಂಡೂ ಬರಬಹುದು.

ಆಪರೇಷನ್ ಆಗಿ ಒಂದರಿಂದ ಮೂರು ತಿಂಗಳಲ್ಲಿ ಅಕ್ಷರದ ನಡುಭಾಗ ಮಸುಕಾದರೆ ಅಕ್ಷಿಪಟಲದ ಮಧ್ಯದಲ್ಲಿ ನೀರು ತುಂಬಿರಬಹುದು. ಸಕ್ಕರೆ ಕಾಯಿಲೆಯವರಲ್ಲಿ ಹೆಚ್ಚು. ಒಂದು ವಾರದೊಳಗೆ ತೋರಿಸಿ, ಹೆಚ್ಚಿನವರಿಗೆ ಹನಿಗಳಲ್ಲೇ ಇಳಿಯುತ್ತದೆ. ಆದರೆ ಮಿಂಚು ಹೊಡೆದಂತೆ ಬೆಳಕು, ಒಮ್ಮೆಲೇ ನೂರಾರು ಕಪ್ಪು ಚುಕ್ಕಿ, ಒಂದು ಬದಿಯಿಂದ ಪರದೆ ಇಳಿದಂತಾದರೆ ಅಕ್ಷಿಪಟಲ ಕಳಚುತ್ತಿದೆ. ಅದಕ್ಕೆ ಅವತ್ತೇ ಹೊರಡಬೇಕು. ದಪ್ಪ ಮೈನಸ್ ಕನ್ನಡಕ ಹಾಕುತ್ತಿದ್ದವರು ಇದನ್ನು ಮರೆಯಬಾರದು.

ಮಣಿಪಾಲದಲ್ಲಿ ಅಕ್ಷಿಪಟಲದ ಆಪರೇಷನ್ ಆಗಿ ಗ್ಯಾಸ್ ತುಂಬಿದ್ದಾರೆ. ಆಗುಂಬೆ ಘಾಟಿ ಹತ್ತಿ ಮನೆಗೆ ಬರಬಹುದಾ?

ವೈದ್ಯರು ಸ್ಪಷ್ಟವಾಗಿ ಒಪ್ಪದೆ ಬರಬೇಡಿ. ಬಯಲುಸೀಮೆಯವರಿಗೆ ಏಳದ, ನಮ್ಮ ಕಡೆಯವರಿಗೆ ಮಾತ್ರ ಏಳುವ ಪ್ರಶ್ನೆ ಇದು.

ಕಳಚಿದ ಅಕ್ಷಿಪಟಲವನ್ನು ಒತ್ತಿ ಹಿಡಿಯಲು ಕಣ್ಣೊಳಗೆ ಗ್ಯಾಸಿನ ಗುಳ್ಳೆ ಬಿಟ್ಟಿರುತ್ತಾರೆ. ಮೇಲಕ್ಕೆ ಏರಿದಂತೆ ಹೊರಗಿನ ಗಾಳಿಯ ಒತ್ತಡ ಇಳಿಯುತ್ತದೆ, ಒಳಗಿನ ಗ್ಯಾಸ್ ಹಿಗ್ಗುತ್ತದೆ. ಮಣಿಪಾಲ ಸಮುದ್ರಮಟ್ಟಕ್ಕೆ ಹತ್ತಿರ, ಆಗುಂಬೆ ಸುಮಾರು 640 ಮೀಟರ್ ಎತ್ತರ. ಈ ಏರಿಕೆಗೆ ಗ್ಯಾಸ್ ಸುಮಾರು 7% ಹಿಗ್ಗುತ್ತದೆ. ಕೇಳಲು ಸಣ್ಣದು, ಆದರೆ ಮುಚ್ಚಿದ ಗುಡ್ಡೆಯೊಳಗೆ ಒಟ್ಟು ಜಾಗವೇ 4 ಮಿಲಿ ಚಿಲ್ಲರೆ. ಸೋಮೇಶ್ವರದಿಂದ 14 ಹೇರ್‌ಪಿನ್ ತಿರುವು ಹತ್ತುವ ಅರ್ಧ ಗಂಟೆಯಲ್ಲಿ ಅಷ್ಟು ದ್ರವ ಹೊರಹರಿದು ಜಾಗ ಕೊಡಲಾರದು. ಒತ್ತಡ ಏರಿ ಅಕ್ಷಿಪಟಲಕ್ಕೆ ರಕ್ತ ಒಯ್ಯುವ ನಾಳ ಮುಚ್ಚಿದರೆ ನೋಟ ಅಲ್ಲೇ ಹೋಗಬಹುದು. ಹುಲಿಕಲ್ ಘಾಟಿಗೂ ಕೊಲ್ಲೂರಿನಿಂದ ನಿಟ್ಟೂರಿಗೆ ಹತ್ತುವ ದಾರಿಗೂ ಇದೇ ಮಾತು. ವಿಮಾನವಂತೂ ಸಂಪೂರ್ಣ ವರ್ಜ್ಯ.

ಡಿಸ್ಚಾರ್ಜ್ ಆಗುವಾಗ ಕೇಳಿ: ತುಂಬಿದ್ದು ಗ್ಯಾಸೋ ಸಿಲಿಕೋನ್ ಎಣ್ಣೆಯೋ? ಎಣ್ಣೆ ಹಿಗ್ಗುವುದಿಲ್ಲ, ಘಾಟಿಗೆ ತೊಂದರೆಯಿಲ್ಲ. ಗ್ಯಾಸಾದರೆ ಯಾವುದು? ಬರೀ ಗಾಳಿ ಒಂದು ವಾರದಲ್ಲಿ ಕರಗುತ್ತದೆ, ಎಸ್‌ಎಫ್6 ಸುಮಾರು ಎರಡು ವಾರ, ಸಿ3ಎಫ್8 ಆರರಿಂದ ಎಂಟು ವಾರ. ಅಷ್ಟು ದಿನ ಉಡುಪಿ, ಕುಂದಾಪುರದ ಕಡೆ ನೆಂಟರ ಮನೆಯೋ ಬಾಡಿಗೆ ಕೋಣೆಯೋ ಹೊಂದಿಸಿಕೊಳ್ಳುವುದನ್ನು ಆಪರೇಷನ್ನಿಗೆ ಮುಂಚೆಯೇ ಯೋಚಿಸಿ. ದಾರಿಯ ವಿಷಯ ವೈದ್ಯರಿಗೆ ತಾನಾಗಿ ಹೊಳೆಯಲಿ ಎಂದು ಕಾಯಬೇಡಿ, ನಮ್ಮ ಮನೆ ಘಾಟಿಯ ಮೇಲೆ ಎಂದು ನೀವೇ ಹೇಳಿ. ಗುಳ್ಳೆ ಕುಗ್ಗುವುದು ನಿಮಗೇ ಕಾಣುತ್ತದೆ. ನೋಟದಲ್ಲಿ ಅಲುಗಾಡುವ ಗೆರೆ ದಿನೇದಿನೇ ಕೆಳಗಿಳಿದು, ಕೊನೆಗೆ ತಳದಲ್ಲಿ ಸಣ್ಣ ವೃತ್ತವಾಗಿ ಮಾಯವಾಗುತ್ತದೆ.

ಗೊತ್ತಿಲ್ಲದೆ ಹತ್ತುತ್ತಿದ್ದು ಕಣ್ಣುನೋವು, ತಲೆನೋವು, ವಾಂತಿ, ಕತ್ತಲೆ ಶುರುವಾದರೆ ಅದನ್ನು ತಿರುವಿನ ವಾಂತಿ ಎಂದು ತಳ್ಳಿಹಾಕದೆ ಕೂಡಲೇ ಕೆಳಗಿಳಿಯಿರಿ, ವೈದ್ಯರಿಗೆ ತೋರಿಸಿ. ಈ ಅವಧಿಯಲ್ಲಿ ಬೇರೆ ಯಾವ ಆಪರೇಷನ್ ಬಂದರೂ ಕಣ್ಣಲ್ಲಿ ಗ್ಯಾಸಿದೆ ಎಂದು ಅರಿವಳಿಕೆ ವೈದ್ಯರಿಗೆ ಹೇಳಲೇಬೇಕು. ಅರಿವಳಿಕೆಗೆ ಬಳಸುವ ನೈಟ್ರಸ್ ಆಕ್ಸೈಡ್ ಅನಿಲ ಕೊಟ್ಟರೆ ಗುಳ್ಳೆ ನಿಮಿಷಗಳಲ್ಲಿ ಉಬ್ಬುತ್ತದೆ. ಕಣ್ಣಲ್ಲಿ ಗ್ಯಾಸಿದೆ ಎಂದು ಎಚ್ಚರಿಸಲು ಆಸ್ಪತ್ರೆಯವರು ಕೈಗೆ ಕಟ್ಟಿದ ಪಟ್ಟಿಯನ್ನು ಬಿಚ್ಚಬೇಡಿ.

ಅಡಿಕೆ ಮರದಿಂದ ಬಿದ್ದು ಬೆನ್ನುಮೂಳೆ ಆಪರೇಷನ್. ಅದಕ್ಕೂ ಕಣ್ಣಿಗೂ ಏನು ಸಂಬಂಧ?

ಈ ಆಪರೇಷನ್ ಮಕಾಡೆ ಮಲಗಿಸಿ ಮಾಡುವಂಥದ್ದು. ಗಂಟೆಗಟ್ಟಲೆ ತಲೆ ಕೆಳಗಿದ್ದರೆ ಮುಖ, ಕಣ್ಣುಗೂಡಿನಲ್ಲಿ ರಕ್ತ ನಿಂತು ಊತ ಬರುತ್ತದೆ. ರಕ್ತ ಹೆಚ್ಚು ಹೋಗಿದ್ದರೆ ಕಣ್ಣಿನ ನರಕ್ಕೆ ಆಮ್ಲಜನಕ ಸಾಲದೆ ಅದು ಸಾಯಬಹುದು. ಇದರಲ್ಲಿ ನೋವಿಲ್ಲ, ಹೆಚ್ಚಾಗಿ ಎರಡೂ ಕಣ್ಣಿಗೆ, ಎಚ್ಚರವಾದಾಗಲೋ ಒಂದೆರಡು ದಿನದಲ್ಲೋ ಗೊತ್ತಾಗುತ್ತದೆ. ಇನ್ನೊಂದು ಬಗೆಯಲ್ಲಿ ತಲೆದಿಂಬು ಜರುಗಿ ಒಂದು ಗುಡ್ಡೆ ಒತ್ತಿಹೋಗಿ ಅಕ್ಷಿಪಟಲದ ರಕ್ತನಾಳ ಮುಚ್ಚುತ್ತದೆ. ಆಗ ಹೋಗುವುದು ಒಂದೇ ಕಣ್ಣು.

ಅಮೆರಿಕದ ದೊಡ್ಡ ಆಸ್ಪತ್ರೆ ದಾಖಲೆಗಳ ಲೆಕ್ಕದಲ್ಲಿ 10,000 ಬೆನ್ನುಮೂಳೆ ಆಪರೇಷನ್ನಿಗೆ ಸುಮಾರು 3 ಜನರಿಗೆ ಹೀಗಾಗಿದೆ, ಹೃದಯದ ಆಪರೇಷನ್ನಿನಲ್ಲಿ 8ರಿಂದ 9. ಅಲ್ಲಿನ ಅರಿವಳಿಕೆ ತಜ್ಞರ ಸಂಘ 2006ರಲ್ಲಿ ಪ್ರಕಟಿಸಿದ 93 ಪ್ರಕರಣಗಳಲ್ಲಿ 83 ಕಣ್ಣಿನ ನರದ್ದು, 10 ರಕ್ತನಾಳ ಮುಚ್ಚಿದ್ದು. ನರದ ಪ್ರಕರಣಗಳಲ್ಲಿ ಹೆಚ್ಚುಕಡಿಮೆ ಎಲ್ಲದರಲ್ಲೂ ಒಂದು ಲೀಟರಿಗಿಂತ ಹೆಚ್ಚು ರಕ್ತ ಹೋಗಿತ್ತು ಅಥವಾ ಅರಿವಳಿಕೆ 6 ಗಂಟೆ ದಾಟಿತ್ತು. ಗಂಡಸರು, ದಪ್ಪ ಮೈಯವರಲ್ಲಿ ಅಪಾಯ ಹೆಚ್ಚು. ಮರದಿಂದ ಬಿದ್ದವರಿಗೆ ಒಂದೆರಡು ಮೂಳೆಗೆ ಸ್ಕ್ರೂ ಹಾಕುವುದು ಸಾಮಾನ್ಯವಾಗಿ ಇದಕ್ಕಿಂತ ಬೇಗ ಮುಗಿಯುತ್ತದೆ. ಆದ್ದರಿಂದ ಕಣ್ಣಿನ ಹೆದರಿಕೆಗೆ ಬೇಕಾದ ಆಪರೇಷನ್ ಬಿಡಬೇಡಿ, ಕಾಲಿನ ಬಲ ಉಳಿಸುವುದು ಅದೇ.

ಅರಿವಳಿಕೆ ವೈದ್ಯರೊಂದಿಗೆ ಮಾತಾಡುವಾಗ ಗ್ಲಾಕೋಮಾ (ಕಣ್ಣಿನ ಒತ್ತಡದ ಕಾಯಿಲೆ), ಬಿಪಿ, ಸಕ್ಕರೆ, ಬೀಡಿ ಸಿಗರೇಟು, ಹಿಂದಿನ ಕಣ್ಣಿನ ಆಪರೇಷನ್ ಎಲ್ಲ ಹೇಳಿ. ಬಿಪಿ ಮಾತ್ರೆಗಳಲ್ಲಿ ಯಾವುದನ್ನು ಅವತ್ತು ಬೆಳಿಗ್ಗೆ ನುಂಗಬೇಕು, ಯಾವುದನ್ನು ಬಿಡಬೇಕು ಎಂದು ಒಂದೊಂದನ್ನೂ ತೋರಿಸಿ ಕೇಳಿ. ತಲೆ ಎದೆಯ ಮಟ್ಟಕ್ಕೋ ಸ್ವಲ್ಪ ಮೇಲೋ ಇರುತ್ತದೆಯೇ, ಕಣ್ಣಿನ ಮೇಲೆ ಒತ್ತಡವಿಲ್ಲವೆಂದು ನಡುನಡುವೆ ನೋಡುತ್ತೀರಾ, ತೀರಾ ಉದ್ದವಾದರೆ ಎರಡು ಹಂತದಲ್ಲಿ ಮಾಡಬಹುದೇ ಎಂದು ಕೇಳಿ.

ಎಚ್ಚರವಾದ ಮೇಲೆ ಮನೆಯವರು ಏನು ನೋಡಬೇಕು?

ರೋಗಿಯ ಕನ್ನಡಕ ಒಯ್ಯಿರಿ. ಮಾತು ಸ್ಪಷ್ಟವಾದ ಕೂಡಲೇ ಒಂದು ಕಣ್ಣು ಅಂಗೈಯಿಂದ ಮುಚ್ಚಿ ಬೆರಳು ಎಣಿಸಲು ಹೇಳಿ, ಆಮೇಲೆ ಇನ್ನೊಂದು. ಎರಡನ್ನೂ ತೆರೆದು ಕೇಳಿದರೆ ಒಂದು ಹೋಗಿದ್ದು ಗೊತ್ತಾಗುವುದೇ ಇಲ್ಲ. ಕತ್ತಲೆ ಎಂದರೆ ಅಮಲಿನಲ್ಲಿದ್ದಾರೆ ಎಂದು ಬಿಡದೆ ಕಣ್ಣಿನ ವೈದ್ಯರನ್ನು ಆಗಲೇ ಕರೆಸಲು ಕೇಳಿ. ರಕ್ತದ ಪ್ರಮಾಣ, ಬಿಪಿ, ಆಮ್ಲಜನಕ ಸರಿಪಡಿಸುತ್ತಾರೆ, ಮೆದುಳಿನ ಕಾರಣ ಇದೆಯೇ ನೋಡಲು ಎಂಆರ್‌ಐ ಮಾಡಿಸುತ್ತಾರೆ. ನರ ಸತ್ತಿದ್ದರೆ ಅದನ್ನು ಮರಳಿಸುವ, ಸಾಬೀತಾದ ಔಷಧ ಇವತ್ತಿಗೂ ಇಲ್ಲ. ಅದಕ್ಕೇ ತಡೆಯುವುದರ ಬಗ್ಗೆ ಇಷ್ಟು ಬರೆದದ್ದು.

ಪೂರ್ತಿ ಅರಿವಳಿಕೆ ಆದ ಮೇಲೆ ಕಣ್ಣು ಚುಚ್ಚುತ್ತಿದೆ, ನೀರು ಸುರಿಯುತ್ತಿದೆ.

ರೆಪ್ಪೆ ಅರೆತೆರೆದು ಕಾರ್ನಿಯಾ ಒಣಗಿ ಗೀರಾಗಿರಬಹುದು. ಮುಲಾಮಿಗೆ ಒಂದರಿಂದ ಮೂರು ದಿನದಲ್ಲಿ ವಾಸಿ. ಆದರೆ ಕಣ್ಣು ಕಲ್ಲಿನಂತೆ ಬಿಗಿದು, ದೀಪದ ಸುತ್ತ ಬಣ್ಣದ ಬಳೆ ಕಂಡು, ಆ ಬದಿಯ ತಲೆ ಸಿಡಿದು ವಾಂತಿಯಾದರೆ ಅದು ಒತ್ತಡ ಏರಿದ ಗ್ಲಾಕೋಮಾ. ಅರಿವಳಿಕೆಯ ವಾಂತಿ ಎಂದು ತಪ್ಪು ತಿಳಿಯುವುದು ಇದನ್ನೇ. ಪ್ಲಸ್ ಕನ್ನಡಕದ ವಯಸ್ಸಾದ ಹೆಂಗಸರಲ್ಲಿ ಹೆಚ್ಚು. ಗಂಟೆಗಳೊಳಗೆ ಒತ್ತಡ ಇಳಿಸಿ, ಆಮೇಲೆ ಲೇಸರ್ ಮಾಡಿದರೆ ಕಣ್ಣು ಉಳಿಯುತ್ತದೆ.

ಸಿಸೇರಿಯನ್ ಆದ ಬಾಣಂತಿಗೆ ಕಣ್ಣು ಕತ್ತಲೆ ಬಂತು. ರಕ್ತ ಕಡಿಮೆಯಾಗಿಯೇ?

ಮೊದಲು ಬಿಪಿ ನೋಡಿಸಿ. ಹೆರಿಗೆಯ ನಂತರದ ಆರು ವಾರದಲ್ಲೂ ಬಿಪಿ ಏರಿ ಮೆದುಳಿನ ಹಿಂಭಾಗ ಊದಿ ನೋಟ ಹೋಗಬಹುದು, ಜೊತೆಗೆ ತಲೆನೋವು, ಫಿಟ್ಸ್. 160/110 ದಾಟಿದರೆ ತುರ್ತು. ಬಾಣಂತನದ ಕೋಣೆಯಲ್ಲಿ ಕೂರಿಸದೆ 108ಕ್ಕೆ ಕರೆ ಮಾಡಿ ಶಿವಮೊಗ್ಗದ ಮೆಗ್ಗಾನ್‌ನಂಥ ದೊಡ್ಡ ಆಸ್ಪತ್ರೆಗೆ ಒಯ್ಯಿರಿ. ಬಿಪಿ ಇಳಿಸಿ ಮೆಗ್ನೀಸಿಯಂ ಕೊಟ್ಟರೆ ಹೆಚ್ಚಿನವರ ನೋಟ ಕೆಲವು ದಿನದಲ್ಲಿ ಪೂರ್ತಿ ಮರಳುತ್ತದೆ. ಮರಗಟ್ಟಿಸಲು ಸೊಂಟದ ಬೆನ್ನುಮೂಳೆಗೆ ಕೊಟ್ಟ ಇಂಜೆಕ್ಷನ್ನಿನ ನಂತರ ಕೂತರೆ ತಲೆನೋವು, ಕೆಲವು ದಿನಕ್ಕೆ ಒಂದು ವಸ್ತು ಎರಡಾಗಿ ಕಾಣುವುದು ಬೇರೆ ವಿಷಯ. ಕಣ್ಣು ತಿರುಗಿಸುವ ನರ ಎಳೆದಿರುತ್ತದೆ, ವಾರಗಳಲ್ಲಿ ಸರಿಯಾಗುತ್ತದೆ, ಆದರೂ ತೋರಿಸಿ.

ಅಪ್ಪನಿಗೆ ಪ್ರಾಸ್ಟೇಟ್ ಆಪರೇಷನ್ ಆದ ಕೂಡಲೇ ಏನೂ ಕಾಣದು ಅಂದರು.

ಒಳಗೆ ತೊಳೆಯಲು ಗ್ಲೈಸಿನ್ ದ್ರಾವಣ ಬಳಸಿದ್ದರೆ ಅದು ರಕ್ತಕ್ಕೆ ಸೇರಿ ಹೀಗಾಗುತ್ತದೆ. ನೋಟ ಸಾಮಾನ್ಯವಾಗಿ ಒಂದು ದಿನದೊಳಗೆ ಮರಳುತ್ತದೆ. ಆದರೆ ರಕ್ತದ ಸೋಡಿಯಂ ಕುಸಿದಿರಬಹುದು. ಗಲಿಬಿಲಿ, ಓಕರಿಕೆ ಇದ್ದರೆ ನರ್ಸಿಗೆ ಕೂಡಲೇ ತಿಳಿಸಿ.

ನೋಟ ಮರಳದಿದ್ದರೆ ಯಾವ ಕಾಗದ ಇಟ್ಟುಕೊಳ್ಳಬೇಕು?

ಡಿಸ್ಚಾರ್ಜ್ ಚೀಟಿ, ಕಣ್ಣಿನ ಲೆನ್ಸಿನ ಸ್ಟಿಕ್ಕರ್, ಆಪರೇಷನ್ನಿಗೆ ಮೊದಲಿನ ನೋಟದ ಅಳತೆ, ಅರಿವಳಿಕೆಯ ದಾಖಲೆ. ಪೂರ್ತಿ ಕೇಸ್ ಶೀಟ್ ಬೇಕೆಂದು ಬರಹದಲ್ಲಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂಬುದು ವೈದ್ಯಕೀಯ ಪರಿಷತ್ತಿನ 2002ರ ನಿಯಮ. ಅಂಗವಿಕಲ ಪ್ರಮಾಣಪತ್ರದ ಸವಲತ್ತುಗಳಿಗೆ 40% ಬೇಕು. ಒಂದೇ ಕಣ್ಣು ಹೋಗಿ ಇನ್ನೊಂದು ಚೆನ್ನಾಗಿದ್ದರೆ 30% ಮಾತ್ರ ಸಿಗುತ್ತದೆ. ಅಂಥವರು ಉಳಿದ ಕಣ್ಣಿಗೆ ಪವರ್ ಇಲ್ಲದಿದ್ದರೂ ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಕನ್ನಡಕ ಹಾಕಿಕೊಂಡೇ ತೋಟಕ್ಕೆ, ಸೌದೆ ಒಡೆಯಲು ಹೋಗಬೇಕು.